ಕೊಡಲಿಗೆ ಬಗ್ಗದ ಕಟ್ಟಿಗೆ

ಯಾವ ಮರದ ಕಟ್ಟಿಗೆಯನ್ನು ಒಡೆಯುವುದು ಎಲ್ಲಕ್ಕಿಂತ ಕಷ್ಟ ಎಂದು ಕೇಳಿದರೆ ನಮ್ಮ ಶಿರಸಿ ಸೀಮೆಯಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಜಂಬೆ ಎನ್ನುವವರಿದ್ದಾರೆ, ನೇರಳೆ ಎನ್ನುವವರಿದ್ದಾರೆ, ಬಯಲುಸೀಮೆಯ ಕಡೆಯವರಾದರೆ ಪ್ರಶ್ನೆ ಮುಗಿಯುವ ಮೊದಲೇ ಹುಣಸೆ ಎಂದುಬಿಡುತ್ತಾರೆ. ಉತ್ತರಗಳು ಬೇರೆಯಾದರೂ ಹೆಚ್ಚಿನವರ ಮನಸ್ಸಿನಲ್ಲಿರುವ ಲೆಕ್ಕ ಒಂದೇ: ಮರ ಗಟ್ಟಿಯಾದಷ್ಟೂ, ತೂಕವಾದಷ್ಟೂ ಒಡೆಯುವುದು ಕಷ್ಟ. ಬಚ್ಚಲ ಒಲೆಗೂ ಅಡಿಕೆ ಬೇಯಿಸುವ ಒಲೆಗೂ ಬೇಕಾದ ಕಟ್ಟಿಗೆಯನ್ನು ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಕೈಯಾರೆ ಒಡೆದು ಪೇರಿಸಿಕೊಳ್ಳುವ ನನಗೆ ಈ ಲೆಕ್ಕ ಅರ್ಧ ಮಾತ್ರ ಸರಿ ಎನ್ನಿಸುತ್ತದೆ. ಮರದ ಗಟ್ಟಿತನ ಒಂದು ಗುಣ, ಸೀಳಿಗೆ ಬಾಯಿ ಬಿಡದಿರುವುದು ಇನ್ನೊಂದು ಗುಣ. ಇವೆರಡೂ ಒಂದೇ ಮರದಲ್ಲಿ ಇರಲೇಬೇಕೆಂದಿಲ್ಲ.

ಗಾಳಿಮರವನ್ನೇ ನೋಡಿ. 1868ರ ಹೊತ್ತಿಗೆ ಕಾರವಾರದ ಕಡಲತೀರಕ್ಕೆ ಬಂದು, ಅಲ್ಲಿಂದ ನಮ್ಮ ದೇಶದ ಎಷ್ಟೋ ಕರಾವಳಿಗಳಿಗೆ ಹಬ್ಬಿದ ಈ ಮರ ಒಣಗಿದ ಮೇಲೂ ಘನಮೀಟರಿಗೆ 800 ಕಿಲೋಗೂ ಮೀರಿ ತೂಗುತ್ತದೆ. ಅದರ ಕೆಂಡ ಬಹಳ ಹೊತ್ತು ನಿಲ್ಲುತ್ತದೆ, ಅರೆಹಸಿಯಾಗಿದ್ದರೂ ಉರಿಯುತ್ತದೆ. ಇಷ್ಟು ಭಾರದ ಮರವಾದರೂ ಗಂಟಿಲ್ಲದ ತುಂಡೊಂದನ್ನು ನಿಲ್ಲಿಸಿ ನೆತ್ತಿಗೆ ಸರಿಯಾಗಿ ಏಟು ಕೊಟ್ಟರೆ ಸಾಮಾನ್ಯವಾಗಿ ಎರಡು ಹೋಳಾಗಿ ಬೀಳುತ್ತದೆ. ಅದಕ್ಕಿಂತ ಹಗುರವಾದ ಬೇವಿನ ತುಂಡು ಅದೇ ಏಟಿಗೆ ಕೊಡಲಿಯನ್ನು ಕಚ್ಚಿ ಹಿಡಿದುಕೊಂಡು ಸುಮ್ಮನಾಗುತ್ತದೆ. ಮಾವು ಇವೆರಡಕ್ಕಿಂತಲೂ ಮೆದು, ಆದರೂ ಹಳೆಯ ಮಾವಿನ ಬುಡವನ್ನು ಒಡೆಯಹೊರಟವರು ಅದನ್ನು ಮೆದು ಮರವೆಂದು ಒಪ್ಪುವುದಿಲ್ಲ.

ಕಾರಣವಿರುವುದು ಎಳೆಯ ಓಟದಲ್ಲಿ. ಕಾಂಡದ ಎಳೆಗಳು ಬುಡದಿಂದ ತುದಿಯ ಕಡೆಗೆ ಸಾಗುತ್ತವೆ. ಸಿಲ್ವರ್ ಓಕಿನಲ್ಲಿ ಅವು ಬಹುಮಟ್ಟಿಗೆ ನೆಟ್ಟಗೇ ಸಾಗುವುದರಿಂದ ಕೊಡಲಿಯ ಬಾಯಿ ಎರಡು ಎಳೆಗಳ ನಡುವೆ ಒಮ್ಮೆ ಹೊಕ್ಕರೆ ಸಾಕು, ಬಿರುಕು ತಾನಾಗಿ ಕೆಳಗಿಳಿಯುತ್ತದೆ. ಹುಣಸೆ, ಬೇವು, ಜಂಬೆಯಂಥ ಮರಗಳಲ್ಲಿ ಎಳೆಗಳು ಕಾಂಡದ ಸುತ್ತ ಕೆಲವು ಕಾಲ ಬಲಕ್ಕೆ ವಾಲಿ ಬೆಳೆಯುತ್ತವೆ, ಅದರ ಮೇಲಿನ ಪದರಗಳಲ್ಲಿ ಎಡಕ್ಕೆ ವಾಲುತ್ತವೆ, ಆಮೇಲೆ ಮತ್ತೆ ಬಲಕ್ಕೆ ತಿರುಗುತ್ತವೆ. ನಡುವಿನಿಂದ ಅಂಚಿಗೆ ಹೊರಟ ಬಿರುಕು ಒಂದು ಪದರದ ಎಳೆಯನ್ನು ಅನುಸರಿಸಿ ಇಳಿಯಬೇಕೆನ್ನುವಷ್ಟರಲ್ಲಿ ಪಕ್ಕದ ಪದರ ಅದಕ್ಕೆ ಅಡ್ಡ ನಿಂತಿರುತ್ತದೆ, ಆ ಎಳೆಗಳನ್ನು ಹರಿಯದೆ ಬಿರುಕು ಮುಂದೆ ಹೋಗುವಂತಿಲ್ಲ. ಅಂಥ ಕೊರಡನ್ನು ಒಡೆಯುವುದೆಂದರೆ ಬಿಗಿಯಾಗಿ ಹೆಣೆದ ಜಡೆಗೆ ಬಾಚಣಿಗೆ ಹಾಕಿ ಎಳೆದ ಹಾಗೆ.

ಕಟ್ಟಿಗೆ ಒಡೆಯುವವರ ಜಗಳ ತೀರಿಸಲು ನಾನು ಒಂದು ದಾರಿ ಹಿಡಿದಿದ್ದೇನೆ. ಸೀಳಲೇಬಾರದ ಸಾಮಾನುಗಳಿಗೆ ನಮ್ಮ ಬಡಗಿಗಳೂ ಗಾಣಿಗರೂ ಯಾವ ಮರವನ್ನು ಆರಿಸಿಕೊಳ್ಳುತ್ತಿದ್ದರು ಎಂದು ನೋಡುವುದೇ ಆ ದಾರಿ. ಎತ್ತಿನಗಾಡಿಯ ಚಕ್ರದ ನಡುವಿನ ಗುಂಬಕ್ಕೆ ಸುತ್ತಲೂ ಕಂಡಿ ಕೊರೆದು ಅರೆಕಾಲುಗಳನ್ನು ಬಡಿದು ಕೂರಿಸುತ್ತಾರೆ, ಆದ್ದರಿಂದ ಒಂದೊಂದು ಅರೆಕಾಲೂ ಒಂದೊಂದು ಬೆಣೆಯಂತೆ ಗುಂಬವನ್ನು ಸೀಳಲು ನೋಡುತ್ತಿರುತ್ತದೆ. ಬಯಲುಸೀಮೆಯ ಬಡಗಿ ಅದಕ್ಕೆ ಆರಿಸುತ್ತಿದ್ದುದು ಕರಿಜಾಲಿ. ಎಣ್ಣೆ ಗಾಣದ ಒರಳಿನಲ್ಲಿ ಒನಕೆ ದಿನವಿಡೀ ಗೋಡೆಯನ್ನು ಹೊರಕ್ಕೆ ಒತ್ತುತ್ತಲೇ ಇರುತ್ತದೆ, ಅಲ್ಲಿ ಹುಣಸೆ, ಬಾಗೆ. ಮಾಂಸದಂಗಡಿಯ ಕೊರಡಿನ ಮೇಲೆ ಮಚ್ಚು ಬೀಳುವುದು ಎಳೆಯ ತುದಿಗೇ, ಅಂದರೆ ನಾವು ಕಟ್ಟಿಗೆ ಒಡೆಯುವಾಗ ಕೊಡಲಿ ಬೀಳುವ ಕಡೆಗೇ, ಆದರೂ ಆ ಹುಣಸೆಯ ಕೊರಡು ವರ್ಷಗಟ್ಟಲೆ ಹೋಳಾಗದೆ ನಿಂತಿರುತ್ತದೆ. ಗಾಡಿಯ ಅಚ್ಚಿಗೂ ಕೊಡಲಿಯ ಕಾವಿಗೂ ದಿಂಡಿಗ. ಈ ಪಟ್ಟಿಯನ್ನು ಒಲೆಯ ಕಡೆಯಿಂದ ಓದಿದರೆ, ಕೈಯಲ್ಲಿ ಕಟ್ಟಿಗೆ ಒಡೆಯುವವನು ಯಾವ ಯಾವ ಮರದ ತಂಟೆಗೆ ಹೋಗಬಾರದು ಎಂಬುದು ತಾನಾಗಿ ತಿಳಿಯುತ್ತದೆ.

ಮೊದಲನೆಯ ಸ್ಥಾನವನ್ನು ನಾನು ಹುಣಸೆಗೇ ಕೊಡುತ್ತೇನೆ. ಘಟ್ಟದ ಮೇಲಿನ ನಮ್ಮ ತೋಟಗಳ ನಡುವೆ ಹುಣಸೆ ಹೆಚ್ಚಿಲ್ಲ. ಬನವಾಸಿ ದಾಟಿ ಪೂರ್ವಕ್ಕೆ ಹೋದಂತೆ ರಸ್ತೆಯ ಇಕ್ಕೆಲಗಳಲ್ಲಿ ಕಾಣಿಸುತ್ತದೆ, ರಸ್ತೆ ಅಗಲಮಾಡುವಾಗ ಉರುಳಿಸಿದ ಮರಗಳ ತುಂಡುಗಳು ಲೋಡಿನ ಲೆಕ್ಕದಲ್ಲಿ ನಮ್ಮ ಕಡೆಗೂ ಬರುತ್ತವೆ. ಅಂಥ ತುಂಡೊಂದನ್ನು ಕೊಯ್ದ ಮುಖ ಮೇಲಾಗಿ ನಿಲ್ಲಿಸಿ ನೋಡಿದರೆ ಸುತ್ತ ಹಳದಿ ಛಾಯೆಯ ಬಿಳಿ ಮರ, ನಡುವೆ ಅಂಕುಡೊಂಕಾದ ಅಂಚಿನ, ನೇರಳೆ ಬೆರೆತ ಕಂದು ಬಣ್ಣದ ಚೇಗು. ಮೊದಲ ಏಟಿಗೆ ಕೊಡಲಿ ಎರಡು ಬೆರಳಿನಷ್ಟು ಇಳಿದು ಅಲ್ಲೇ ಕಚ್ಚಿಕೊಳ್ಳುತ್ತದೆ. ಕಾವನ್ನು ಮೇಲೆ ಕೆಳಗೆ ಆಡಿಸಿ ಬಿಡಿಸಿಕೊಂಡು ಅದೇ ಗಾಯಕ್ಕೆ ಮತ್ತೆ ಹೊಡೆದರೆ ಬಿರುಕು ಕಾಣುತ್ತದೆ, ಆದರೆ ಹೋಳು ಬೇರೆಯಾಗುವುದಿಲ್ಲ. ಬಗ್ಗಿ ಬಿರುಕಿನೊಳಗೆ ನೋಡಿದರೆ ಒಂದು ದಡದಿಂದ ಇನ್ನೊಂದು ದಡಕ್ಕೆ ಬೆರಳುದ್ದದ ಸಿಬರುಗಳು ಓರೆಯಾಗಿ ದಾಟಿ ಎರಡು ಹೋಳುಗಳನ್ನೂ ಹಿಡಿದುಕೊಂಡಿರುತ್ತವೆ. ಕೆಲವು ಬಲಕ್ಕೆ ಓರೆ, ಅದರ ಒಳಗಿನವು ಎಡಕ್ಕೆ ಓರೆ. ಕತ್ತಿ ತೂರಿಸಿ ಅವನ್ನು ಒಂದೊಂದಾಗಿ ಕಡಿದ ಮೇಲೆಯೇ ಹೋಳು ಕೈಗೆ ಬರುತ್ತದೆ. ಬಂದ ಮೇಲೂ ಅದರ ಮೈ ಸಪಾಟಾಗಿರುವುದಿಲ್ಲ, ಮೈತುಂಬ ಸಿಬರೆದ್ದು ಬರಿಗೈಯಲ್ಲಿ ಎತ್ತಿ ಪೇರಿಸಲು ಸಾಧ್ಯವಾಗದಂತಿರುತ್ತದೆ.

ಹುಣಸೆಯನ್ನೂ ಅದರ ಜಾತಿಯ ಇತರ ಮರಗಳನ್ನೂ ಒಡೆಯುವಾಗ ನೆನಪಿಡಬೇಕಾದದ್ದು ಹೊಡೆಯುವ ಜಾಗ. ನೇರ ಎಳೆಯ ಮರಕ್ಕೆ ನಡು ನೆತ್ತಿಗೆ ಹೊಡೆಯುವುದು ರೂಢಿ. ಹೆಣೆದ ಎಳೆಯ ಮರದಲ್ಲಿ ಬಲ ಎಡ ಪದರಗಳೆಲ್ಲವನ್ನೂ ಅಡ್ಡಹಾಯಬೇಕಾಗುವುದರಿಂದ ನಡುವಿನ ಸೀಳೇ ಎಲ್ಲಕ್ಕಿಂತ ಕಠಿಣವಾದ ದಾರಿ. ಬದಲಿಗೆ ತುಂಡಿನ ಅಂಚಿನಿಂದ ನಾಲ್ಕು ಬೆರಳು ಒಳಗೆ, ವರ್ಷದ ಉಂಗುರಕ್ಕೆ ಸಮಾಂತರವಾಗಿ ಹೊಡೆದು, ಸುತ್ತಲೂ ಹಲಗೆಯಂತೆ ಚಕ್ಕೆ ಎಬ್ಬಿಸುತ್ತ ಬಂದರೆ ಕೊಡಲಿ ಪದರ ಪದರಗಳ ನಡುವಿನ ಜಾಗವನ್ನು ಹಿಡಿದು ಇಳಿಯುತ್ತದೆ. ಕೊನೆಗೆ ಉಳಿಯುವ ಚೇಗಿನ ತಿರುಳನ್ನು ಒಡೆಯುವ ಗೋಜಿಗೆ ಹೋಗದೆ ಇಡಿಯಾಗಿ ಕುಂಟೆ, ಅಂದರೆ ಒಲೆಗೆ ಒಟ್ಟುವ ದಪ್ಪ ಕೊರಡು, ಎಂದೇ ಬಳಸಬಹುದು. ಬಲಕ್ಕಿಂತ ಇಲ್ಲಿ ಸೀಳಿನ ದಿಕ್ಕೇ ಮುಖ್ಯ. ತೋಳಿನಲ್ಲಿ ಎಷ್ಟೇ ಕಸುವಿದ್ದರೂ ನಡುವಿಗೇ ಹೊಡೆಯುವವನು ಬೇಗ ಸೋಲುತ್ತಾನೆ.

ದಿಂಡಿಗದ ಕಷ್ಟ ಬೇರೆ ಬಗೆಯದು. ನಮ್ಮ ಕಡೆ ದಿಂಡಲ ಎಂದೂ ಕರೆಯುವ ಈ ಮರ ಘಟ್ಟದ ಸೆರಗಿನ ಒಣ ಕಾಡಿನಲ್ಲಿ ಬೆಳೆಯುತ್ತದೆ. ಇದರ ಅಂಟು ವ್ಯಾಪಾರದ ಸರಕು, ಮರ ಗಟ್ಟಿಯಷ್ಟೇ ಅಲ್ಲದೆ ಬಳುಕುವಂಥದ್ದೂ ಹೌದು. ಆ ಬಳುಕಿನಿಂದಾಗಿಯೇ ಅಚ್ಚಿಗೂ ಕಾವಿಗೂ ಅದು ಸರಿಹೋಯಿತು. ಏಟು ಬಿದ್ದಾಗ ಬಿರುಕು ಬಿಡುವ ಬದಲು ಏಟನ್ನು ತನ್ನೊಳಗೆ ಹೀರಿಕೊಳ್ಳುವ ಗುಣ ಅದರದು, ಆದ್ದರಿಂದ ಒಣಗಿದ ದಿಂಡಿಗದ ತುಂಡಿಗೆ ಹೊಡೆದರೆ ಕೊಡಲಿ ಮೇಲಕ್ಕೆ ಪುಟಿಯುತ್ತದೆ. ಹುಣಸೆ ಕೊಡಲಿಯನ್ನು ಹಿಡಿದಿಟ್ಟುಕೊಳ್ಳುವ ಮರವಾದರೆ ಇದು ಹಿಂದಕ್ಕೆ ಎಸೆಯುವ ಮರ, ಇವೆರಡರಲ್ಲಿ ಹೆಚ್ಚು ಅಪಾಯದ್ದು ಎರಡನೆಯದು. ದಿಂಡಿಗದ ಕಾವು ಹಾಕಿದ ಕೊಡಲಿಯಿಂದ ದಿಂಡಿಗವನ್ನೇ ಒಡೆಯಲು ನಿಂತಾಗ ಗೆಲ್ಲುವುದು ಯಾರು ಎಂದು ನಮ್ಮಲ್ಲಿ ನಗೆಯಾಡುವುದುಂಟು.

ಸೊಪ್ಪಿನಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನ, ಮರಗಳ ಬಗ್ಗೆ ಹೇಳದಿದ್ದರೆ ನಮ್ಮ ಸೀಮೆಯ ಮಾತು ಪೂರ್ತಿಯಾಗದು. ಬ್ರಿಟಿಷರ ಕಾಲದಿಂದ ಬಂದ ಸವಲತ್ತಿನ ಪ್ರಕಾರ ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಬಳಕೆಯ ಹಕ್ಕು ಇದೆ. ಸೊಪ್ಪು, ದರಕಿನ (ಒಣಗಿ ಉದುರಿದ ಎಲೆಯ) ಜೊತೆಗೆ ಒಣಗಿ ಬಿದ್ದ ಕಟ್ಟಿಗೆಯೂ ಅಲ್ಲಿಂದಲೇ ಬರುತ್ತದೆ. ಅಲ್ಲಿ ಸಿಗುವ ಮತ್ತಿ, ಕಿಂದಳ, ನಂದಿ, ಜಂಬೆ, ನೇರಳೆಗಳಲ್ಲಿ ನಂದಿ ಸಾಧು, ನೆಟ್ಟಗೆ ಸೀಳುತ್ತದೆ. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನಂತೆ ಭಯ ಹುಟ್ಟಿಸಿದರೂ ಒಣಗುವಾಗ ತಾನಾಗಿ ಆಳವಾದ ಬಿರುಕು ಬಿಡುವ ಮರವಾದ್ದರಿಂದ ಆ ಬಿರುಕಿಗೇ ಬೆಣೆ ಇಟ್ಟರೆ ಅರ್ಧ ಕೆಲಸ ಮುಗಿದಂತೆ. ಜಂಬೆ ಹಾಗಲ್ಲ. ರೈಲು ಹಳಿಯಡಿಯ ಸ್ಲೀಪರುಗಳಿಗೆ ಬಳಸುತ್ತಿದ್ದ ಮರ ಅದು. ಮೊಳೆ ಬಡಿದರೂ, ಮೇಲೆ ರೈಲು ಓಡಿದರೂ ಸೀಳಬಾರದೆಂದೇ ಅದನ್ನು ಆರಿಸಿದ್ದು. ನೇರಳೆ ನೀರಿನಲ್ಲಿ ಕೊಳೆಯದ ಮರ, ಬಾವಿಯ ತಳಕ್ಕೆ ಅದನ್ನು ಹಾಕುತ್ತಿದ್ದರು. ಅದರ ಎಳೆಯೂ ಹೆಣೆದದ್ದೇ, ಜೊತೆಗೆ ಕಾಂಡ ಕುಳ್ಳಗೆ ಬೆಳೆದು ಬೇಗ ಕವಲೊಡೆಯುವುದರಿಂದ ಎರಡು ಅಡಿ ಉದ್ದದ ಶುದ್ಧ ತುಂಡು ಸಿಗುವುದೇ ಅಪರೂಪ. ಹುಣಸೆಯ ನಂತರದ ಸ್ಥಾನಕ್ಕೆ ನನ್ನ ಮತ ಜಂಬೆಗೆ. ನೇರಳೆಯ ಪರ ವಾದಿಸುವವರ ಜೊತೆ ನಾನು ಬಹಳ ಹೊತ್ತು ಜಗಳವಾಡುವುದಿಲ್ಲ.

ಬಯಲುಸೀಮೆಯ ಬಳ್ಳಾರಿ ಜಾಲಿಯನ್ನು ಎಳೆಯ ಕಾರಣಕ್ಕಾಗಿ ದೂರುವುದು ನ್ಯಾಯವಲ್ಲ. ಅದರ ತೊಂದರೆಯೆಲ್ಲ ಆಕಾರದ್ದು. ಡೊಂಕು, ಮುಳ್ಳು, ಮೊಳಕ್ಕೊಂದು ಗಂಟು. ತೋಳಿನ ದಪ್ಪಕ್ಕೆ ಬೆಳೆದಾಗಲೇ ಕಡಿದು ಹಾಗೆಯೇ ಒಲೆಗೆ ಒಟ್ಟುವವರು ಜಾಣರು. ಇದ್ದಿಲಿಗೆ ಅದಕ್ಕಿಂತ ಒಳ್ಳೆಯ ಮರ ಆ ಸೀಮೆಯಲ್ಲಿ ಕಡಿಮೆ.

ನೀಲಗಿರಿ ಮತ್ತು ಅಕೇಶಿಯಾಗಳ ವಿಷಯದಲ್ಲಿ ಜಾತಿಗಿಂತ ಸಮಯವೇ ಮುಖ್ಯ. ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟಕ್ಕೆ ಬಂದಿತೆನ್ನುವ ನೀಲಗಿರಿ ಮುಂದೆ ರಾಜ್ಯದ ಉದ್ದಗಲಕ್ಕೂ ಹಬ್ಬಿತು. ಹೊಸದಾಗಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿದರೂ ಹಳೆಯ ನೆಡುತೋಪುಗಳ ಕಟ್ಟಿಗೆ ಇನ್ನೂ ಬರುತ್ತಲೇ ಇದೆ. ನಿಂತ ನೀಲಗಿರಿಯ ಕಾಂಡದಲ್ಲಿ ಹೊರಗಿನ ಪದರಗಳು ಎಳೆತದಲ್ಲಿಯೂ ಒಳಗಿನವು ಒತ್ತಡದಲ್ಲಿಯೂ ಇರುತ್ತವೆ. ಗರಗಸ ಹಾಕಿ ಅಡ್ಡ ಕೊಯ್ದ ಕೂಡಲೇ ಆ ಬಿಗಿತ ಸಡಿಲಗೊಂಡು ದಿಮ್ಮಿಯ ತುದಿಗಳು ತಾವಾಗಿ ಬಿರಿಯುತ್ತವೆ. ಆ ವಾರದೊಳಗೆ ಒಡೆದರೆ ಕೆಲಸ ಹಗುರ. ಬೇಸಗೆಯೆಲ್ಲ ಬಿಸಿಲಿಗೆ ಬಿಟ್ಟು ಆಮೇಲೆ ಕೈಹಾಕಿದರೆ ತಿರುಚಿದ ಎಳೆಗಳೆಲ್ಲ ಬಿಗಿದುಕೊಂಡು ಅದೇ ಮರ ಕಲ್ಲಾಗಿರುತ್ತದೆ. ಮರದ ನೀರಿನಂಶ ಸುಮಾರು ಶೇಕಡಾ 30ಕ್ಕಿಂತ ಕೆಳಗಿಳಿದಂತೆ ಎಳೆಗಳ ಗೋಡೆಗಳು ಗಡುಸಾಗುತ್ತ ಹೋಗುವುದು ಇದಕ್ಕೆ ಕಾರಣ. ಕರಾವಳಿಯಿಂದ ಮಲೆನಾಡಿನವರೆಗೆ ಬೋಳುಗುಡ್ಡಗಳಲ್ಲೆಲ್ಲ ಅರಣ್ಯ ಇಲಾಖೆ ಬೆಳೆಸಿದ ಅಕೇಶಿಯಾಕ್ಕೂ ಇದೇ ನಿಯಮ. ಕಟ್ಟಿಗೆಯನ್ನು ಒಣಗಿಸಿ ಒಡೆಯಬೇಕೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಒಡೆದು ಒಣಗಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಒಡೆದ ಮೈ ಗಾಳಿಗೆ ತೆರೆದುಕೊಳ್ಳುವುದರಿಂದ ಇಡೀ ದಿಮ್ಮಿಗಿಂತ ಹೋಳು ಬೇಗ ಒಣಗುತ್ತದೆ ಎಂಬ ಲಾಭವೂ ಅದರೊಂದಿಗೆ ಬರುತ್ತದೆ. ಮತ್ತಿಯಂತೆ ಒಣಗುತ್ತ ತಾನೇ ಬಿರಿಯುವ ಕೆಲವು ಮರಗಳನ್ನು ಮಾತ್ರ ಈ ಮಾತಿನಿಂದ ಹೊರಗಿಡಬೇಕು.

ಅಡಿಕೆ ಮತ್ತು ತೆಂಗು ಎರಡೂ ಒಂದೇ ಕುಲದವು, ಎರಡರಲ್ಲೂ ವರ್ಷದ ಉಂಗುರವಿಲ್ಲ. ಅಡಿಕೆ ಮರ ಮಾತ್ರ ಉದ್ದಕ್ಕೂ ಎಷ್ಟು ಸಲೀಸಾಗಿ ಸೀಳುತ್ತದೆಂದರೆ ಬೇಲಿ, ಅಟ್ಟ, ನೀರಿನ ಹರಣಿಗಳಿಗೆಲ್ಲ ಅದರ ದಬ್ಬೆಯೇ ಆಧಾರ. ತೆಂಗಿನ ಗಿಡ್ಡ ತುಂಡಿನಲ್ಲಿ ಕೊಡಲಿ ನಡುವಿನ ಮೆತ್ತನೆಯ ಭಾಗಕ್ಕೆ ಹೂತುಹೋಗುತ್ತದೆ, ಹೊರಗಿನ ಗಡಸು ನಾರು ಬಿಡುವುದಿಲ್ಲ. ಅದರ ಶಾಖಕ್ಕೆ ಹೋಲಿಸಿದರೆ ಆ ಶ್ರಮ ದಂಡ. ಇನ್ನು ಸಿಲ್ವರ್ ಓಕ್ ಕಾಫಿ ಸೀಮೆಯವರ ಭಾಗ್ಯ. ಮಕ್ಕಳೂ ಒಡೆಯಬಹುದು, ಆದರೆ ಹಂಡೆಯ ನೀರು ಕಾಯುವಷ್ಟರಲ್ಲಿ ಬೂದಿಯಾಗಿರುತ್ತದೆ.

ಹಾಗಾದರೆ ಕಷ್ಟದ ಮರವನ್ನು ಒಡೆದವನಿಗೆ ಹೆಚ್ಚು ಶಾಖ ಸಿಗುತ್ತದೆಯೇ ಎಂದು ಕೇಳಬಹುದು. ಚೆನ್ನಾಗಿ ಒಣಗಿದ ಕಟ್ಟಿಗೆ ಯಾವ ಜಾತಿಯದಾದರೂ ಕಿಲೋಗೆ ಸುಮಾರು 4,500 ಕಿಲೋಕ್ಯಾಲರಿ ಆಸುಪಾಸಿನ ಶಾಖವನ್ನೇ ಕೊಡುತ್ತದೆ. ಭಾರದ ಮರದ ಲಾಭವಿರುವುದು ಜಾಗದಲ್ಲಿ. ಅದೇ ಗಾತ್ರದ ರಾಶಿಯಲ್ಲಿ ಹೆಚ್ಚು ಕಿಲೋ ಅಡಗಿರುತ್ತದೆ, ಕೆಂಡ ಹೆಚ್ಚು ಹೊತ್ತು ನಿಲ್ಲುತ್ತದೆ. ತೂಕದ ಲೆಕ್ಕದಲ್ಲಿ ಕಟ್ಟಿಗೆ ಕೊಳ್ಳುವವರು ಹುಣಸೆಯನ್ನೇ ಬೇಕೆಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. ಲೋಡಿನ ಲೆಕ್ಕದಲ್ಲಿ ಕೊಳ್ಳುವವರಿಗೆ ಅರ್ಥವಿದೆ, ಒಡೆಯುವ ಕೂಲಿಯನ್ನು ಅದರಲ್ಲಿ ಕಳೆಯಬೇಕು, ಅಷ್ಟೇ.

ಹತ್ಯಾರಗಳ ಬಗ್ಗೆ ಎರಡು ಮಾತು. ನಮ್ಮ ಕಮ್ಮಾರರು ಮಾಡಿಕೊಡುವ ಸಾಮಾನ್ಯ ಕೊಡಲಿ ಮರ ಕಡಿಯಲು ಹೇಳಿ ಮಾಡಿಸಿದ್ದು. ಬಾಯಿ ತೆಳು, ಕೆನ್ನೆ ಸಣ್ಣದು. ಸೀಳಲು ಬೇಕಾದದ್ದು ಕೆನ್ನೆ ಉಬ್ಬಿದ, ತೂಕದ ಕೊಡಲಿ. ಅದರ ಬಾಯಿ ತೀರ ಹರಿತವಾಗಿರಬೇಕೆಂದೇನೂ ಇಲ್ಲ, ಬಿರುಕನ್ನು ಅಗಲಮಾಡುವ ಕೆಲಸ ಕೆನ್ನೆಯದು. ಅದಿಲ್ಲದವರು ಕಬ್ಬಿಣದ ಎರಡು ಬೆಣೆಗಳನ್ನೂ ದೊಡ್ಡ ಸುತ್ತಿಗೆಯನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ಒಂದೇ ಬೆಣೆಯಾದರೆ ಅದು ಹುಣಸೆಯೊಳಗೆ ಸಿಕ್ಕಿಕೊಂಡಾಗ ಬಿಡಿಸಲು ಇನ್ನೊಂದು ಇರುವುದಿಲ್ಲ. ಸಿಕ್ಕಿಕೊಂಡ ಕೊಡಲಿಯ ತಲೆಗೆ ಸುತ್ತಿಗೆಯಿಂದ ಹೊಡೆಯುವ ಅಭ್ಯಾಸವನ್ನು ಮಾತ್ರ ಬಿಡಬೇಕು, ಉಕ್ಕಿನ ಚೂರು ಸಿಡಿದು ಕಣ್ಣಿಗೆ ಬೀಳುವುದು ಹಾಗೆಯೇ. ಹೊಡೆಯುವ ಮೊದಲು ತೊಗಟೆಯನ್ನು ಒಮ್ಮೆ ನೋಡುವುದೂ ಒಳ್ಳೆಯದು. ತೊಗಟೆಯ ಗೆರೆಗಳು ಕಾಂಡವನ್ನು ಸುತ್ತಿಕೊಂಡು ಏರಿದ್ದರೆ ಒಳಗಿನ ಎಳೆಯೂ ತಿರುಚಿದೆಯೆಂದೇ ತಿಳಿದು ತುಂಡನ್ನು ಗಿಡ್ಡವಾಗಿ ಕೊಯ್ಯಬೇಕು. ಉದ್ದ ಕಡಿಮೆಯಾದಷ್ಟೂ ಹರಿಯಬೇಕಾದ ಎಳೆಗಳೂ ಕಡಿಮೆ.

ಚಳಿದೇಶಗಳ ಕಟ್ಟಿಗೆಯವರ ದೂರುಗಳಲ್ಲಿ ಎಲ್ಮ್ ಎಂಬ ಮರದ ಹೆಸರು ಮೊದಲು ಬರುತ್ತದೆ. ಇಂಗ್ಲೆಂಡಿನ ಬಡಗಿಗಳು ಗಾಡಿಯ ಗುಂಬಕ್ಕೆ ಆರಿಸುತ್ತಿದ್ದುದೂ ಅದನ್ನೇ, ಕಾರಣವೂ ನಮ್ಮ ಕರಿಜಾಲಿಯದೇ. ಆ ಕುಟುಂಬದ ನಂಟನೊಂದು ನಮ್ಮಲ್ಲೂ ಇದೆ, ತಪಸಿ. ಅಲ್ಲಿನವರು ಮೈ ಕೊರೆಯುವ ಚಳಿಯಲ್ಲಿ ಮರದೊಳಗಿನ ನೀರು ಹೆಪ್ಪುಗಟ್ಟುವವರೆಗೆ ಕಾದು ಒಡೆಯುತ್ತಾರಂತೆ. ಶಿರಸಿಯಲ್ಲಿ ಆ ಅನುಕೂಲವನ್ನು ನಿರೀಕ್ಷಿಸುವಂತಿಲ್ಲ.

ಈಚೆಗೆ ಟ್ರ್ಯಾಕ್ಟರಿಗೆ ಜೋಡಿಸುವ, ಶಂಕುವಿನಾಕಾರದ ತಿರುಪು ತಿರುಗಿ ಮರದೊಳಗೆ ಕೊರೆದು ಸೀಳುವ ಯಂತ್ರ ಬಾಡಿಗೆಗೆ ಸಿಗುತ್ತದೆ. ನೇರ ಎಳೆಯ ಅಕೇಶಿಯಾಕ್ಕೆ ಅದು ಸೊಗಸು. ಹೆಣೆದ ಎಳೆಯ ತುಂಡು ಸೀಳದೆ ತಿರುಪನ್ನೇ ಹಿಡಿದುಕೊಂಡರೆ ದಿಮ್ಮಿಯೇ ಗಿರ್ರನೆ ತಿರುಗಿ ಹಿಡಿದವನ ಕೈಯನ್ನು ಎಳೆದುಕೊಳ್ಳುವ ಅಪಾಯವಿರುವುದರಿಂದ ಹುಣಸೆ, ಜಂಬೆಗಳನ್ನು ಅದಕ್ಕೆ ಕೊಡಬಾರದು. ಅವುಗಳ ಬುಡವನ್ನೂ ಕವಲನ್ನೂ ನಾನು ಯಾವುದರಿಂದಲೂ ಒಡೆಯುವುದಿಲ್ಲ. ಗರಗಸದಲ್ಲಿ ಒಲೆಯ ಬಾಯಿಗೆ ಹಿಡಿಸುವಷ್ಟು ಕೊಯ್ದು ಅಡಿಕೆ ಬೇಯಿಸುವ ಒಲೆಯ ಕುಂಟೆಗೆಂದು ತೆಗೆದಿಡುತ್ತೇನೆ. ಮಾಂಸದಂಗಡಿಯವರು ಹುಣಸೆಯ ಬುಡ ಕೇಳಿಕೊಂಡು ಬಂದರೆ ಕೊಟ್ಟುಬಿಡುತ್ತೇನೆ. ಅವರು ಕೊಡುವ ಹಣಕ್ಕೆ ಅದರ ಎರಡರಷ್ಟು ಅಕೇಶಿಯಾ ಬರುತ್ತದೆ.